ನಾದವೂ ಬಿಂದುವೂ

ಕಳೆದ ಆಟಿ ತಿಂಗಳಿನ ಒಂದು ಸಾಯಂಕಾಲ ನಮ್ಮ ಮನೆಯ ಶ್ರುತಿಪೆಟ್ಟಿಗೆಯು ಮೂಕವಾಯಿತು. ಶಕ್ತಿನಗರದ ಗುಡ್ಡದ ಮೇಲೆ ಆಟಿಯ ಗಾಳಿಮಳೆಯು ಹೇಗೆ ಹೊಡೆಯುವುದೆಂಬುದನ್ನು ಮಂಗಳೂರನ್ನು ಬಲ್ಲ ವಾಚಕರಿಗೆ ಹೇಳಬೇಕಾದುದಿಲ್ಲ. ವಿದ್ಯುತ್ತು ನಾಲ್ಕಾರು ಬಾರಿ ಹೋಯಿತು, ನಾಲ್ಕಾರು ಬಾರಿ ಬಂತು. ಕೊನೆಯ ಬಾರಿ ಬಂದಾಗ ಮನೆಯ ದೀಪಗಳೆಲ್ಲ ಬೆಳಗಿದುವು, ಪೆಟ್ಟಿಗೆಯು ಮಾತ್ರ ಉಸಿರೆತ್ತಲಿಲ್ಲ. ದೀಪ ಹಚ್ಚಿದ ಮೇಲೆ ಎರಡು ದೇವರನಾಮಗಳನ್ನು ಹಾಡದೆ ನಮ್ಮ ಧರ್ಮಪತ್ನಿಯು ಅಡಿಗೆಮನೆಗೆ ಹೋದವಳಲ್ಲ. ಅಂದೂ ಹಾಡಿದಳು. ಆದರೆ ಹಾಡಿ ಮುಗಿಸಿ, "ಉಪ್ಪಿಲ್ಲದ ಗಂಜಿ ಉಂಡ ಹಾಗಾಯಿತು" ಎಂದು ಹೇಳಿ ಎದ್ದುಹೋದಳು. ನಮ್ಮ ಸಂಗೀತಜ್ಞಾನವು ಅಷ್ಟಕ್ಕಷ್ಟೆ. ಆದರೂ ಆ ಮಾತು ಮನಸ್ಸಿಗೆ ನಾಟಿತು.

ಈ ಸಣ್ಣ ಸಂಗತಿಯು ನಮ್ಮನ್ನು ಅರುವತ್ತರ ವಯಸ್ಸಿನಲ್ಲಿ ಮರಳಿ ವಿದ್ಯಾರ್ಥಿಯನ್ನಾಗಿ ಮಾಡಿತು. ತೀರದೆ ಉಳಿದಿದ್ದ ಹಳೆಯ ಲೆಕ್ಕವೊಂದನ್ನೂ ತೆರೆದಿಟ್ಟಿತು. ಅದನ್ನೇ ಇಲ್ಲಿ ಬರೆಯುವೆವು.

ಮರುದಿನ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಮನೆಯ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಯ ಉದ್ದಕ್ಕೂ ಹೊಟ್ಟೆ ಬಿಚ್ಚಿದ ಟೀವಿಗಳು, ಫ್ಯಾನುಗಳು, ಮಿಕ್ಸಿಗಳು. ನಡುವೆ ಒಂದು ಮೇಜು, ಮೇಜಿನ ಮೇಲೆ ಬೆಸುಗೆಯ ಹೊಗೆ. ಮೇಜಿನ ಹಿಂದಿದ್ದ, ನಲುವತ್ತೈದರ ಆಸುಪಾಸಿನ ಗೃಹಸ್ಥನು ತಲೆಯೆತ್ತಿ ನೋಡಿ ಥಟ್ಟನೆ ಎದ್ದು ನಿಂತನು.

"ಮಾಷ್ಟ್ರೇ, ಗುರ್ತ ಸಿಕ್ಕಿತಾ?"

ಸಿಗಲಿಲ್ಲವೆಂದು ಒಪ್ಪಿಕೊಂಡೆವು. ಅವನು ತನ್ನ ಹೆಸರನ್ನು ಹೇಳಿ, "ಒಂಬತ್ತನೇ ಕ್ಲಾಸಿನಲ್ಲಿ ಕಡೆಯ ಬೆಂಚು" ಎಂದನು. ಆಗ ನೆನಪಾಯಿತು. ಹೆಸರಿನೊಡನೆ ಇನ್ನೊಂದು ಸಂಗತಿಯೂ ನೆನಪಾಯಿತು. ಅದನ್ನು ಮುಂದೆ ಹೇಳುವೆವು. ಅವನು ಏನನ್ನೂ ನೆನೆಯದವನಂತೆ ಪೆಟ್ಟಿಗೆಯನ್ನು ತೆರೆದು, ಮೀಟರಿನ ಎರಡು ಕಡ್ಡಿಗಳನ್ನು ಅಲ್ಲಿ ಇಲ್ಲಿ ಮುಟ್ಟಿಸಿ ನೋಡಿದನು.

"ಸ್ಪೀಕರು ಸರಿ ಉಂಟು, ಆಂಪ್ಲಿಫಯರೂ ಸರಿ ಉಂಟು. ಆಸಿಲೇಟರು ನಿಂತಿದೆ ಮಾಷ್ಟ್ರೇ. ಇದರ ಜೀವ ಅದರಲ್ಲಿಯೇ. ಇದು ಹಳೆಯ ಮಾದರಿ. ಇದರ ಚಿಪ್ಪು ಈಗ ಸಿಗಲಿಕ್ಕಿಲ್ಲ. ಹೊಸತು ತೆಗೆದುಕೊಳ್ಳುವುದು ಒಳ್ಳೆಯದು."

ಆಸಿಲೇಟರೆಂದರೇನೆಂದು ಕೇಳಿದೆವು. ಅವನು ಒಂದು ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಅರ್ಧ ನಿಮಿಷದಲ್ಲಿ ಒಂದು ಚಿತ್ರವನ್ನು ಬರೆದು ನಮ್ಮ ಮುಂದಿಟ್ಟನು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು ಅನ್ಯರಿಗೆ ಓದಿಸಿದ ನಮಗೆ ಆ ಚಿತ್ರದಲ್ಲಿ ಒಂದು ಅಕ್ಷರವೂ ಓದಲಾಗಲಿಲ್ಲ. ನಾಚಿಕೆಯಾಯಿತು, ಆಸೆಯೂ ಆಯಿತು. "ಇದನ್ನು ನಮಗೆ ಕಲಿಸುವೆಯಾ?" ಎಂದು ಕೇಳಿದೆವು. ಅವನು ಮೊದಲು ನಕ್ಕನು. ನಾವು ನಗದಿರುವುದನ್ನು ಕಂಡು, "ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ" ಎಂದನು. ಗುರುವಾದ ಮೇಲೆ ಬಹುವಚನವು ಸಲ್ಲತಕ್ಕುದೆಂದು ನಾವು ‘ನೀವು’ ಎಂದು ಕರೆದು ನೋಡಿದೆವು. "ಅದೊಂದು ಬೇಡ ಮಾಷ್ಟ್ರೇ, ಕೈ ನಡುಗುತ್ತದೆ" ಎಂದನು. ಆದಕಾರಣ ಇಲ್ಲಿಯೂ ಏಕವಚನವನ್ನೇ ಉಳಿಸಿಕೊಂಡಿರುವೆವು.

ಆಸಿಲೇಟರಿಗೆ ಕನ್ನಡದಲ್ಲಿ ಆಂದೋಲಕವೆನ್ನುವರು. ತೂಗಾಡುವುದು ಯಾವುದೋ ಅದು ಆಂದೋಲಕ. ತೊಟ್ಟಿಲು ತೂಗುವುದು ಕಣ್ಣಿಗೆ ಕಾಣುವುದು. ಇಲ್ಲಿ ತೂಗುವುದು ವಿದ್ಯುತ್ತು, ಆದುದರಿಂದ ಕಾಣದು. ಕಾಣದಿದ್ದರೂ ನಮ್ಮ ಮನೆಗಳಲ್ಲಿ ಅದಿಲ್ಲದ ಕೋಣೆಯಿಲ್ಲ. ಗೋಡೆಯ ಗಡಿಯಾರ, ರೇಡಿಯೋ, ಮೊಬೈಲು, ಇವೆಲ್ಲಕ್ಕೂ ಒಳಗೊಂದು ಆಂದೋಲಕವು ತಾಳ ಹಾಕುತ್ತಿರುವುದು. ಕದ್ರಿಯ ಆಕಾಶವಾಣಿಯ ನಿಲಯವು ನಮ್ಮ ಊರಿಗೆ ಬಂದುದು 1976ರಲ್ಲಿ. ಅದರ ಎಫ್.ಎಂ. ಪ್ರಸಾರವು 100.3 ಮೆಗಾಹರ್ಟ್ಸಿನದು ಎಂದು ದಿನವೂ ಕೇಳುವೆವಷ್ಟೆ? ಅದರರ್ಥವು ಒಂದು ಸೆಕೆಂಡಿನಲ್ಲಿ ವಿದ್ಯುತ್ತು 10 ಕೋಟಿ 3 ಲಕ್ಷ ಬಾರಿ ತೂಗುವುದು ಎಂದು! 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ನಡೆಯಿಸಲಾರಂಭಿಸಿದಾಗ ಈ ತೂಗುವ ಕೆಲಸವನ್ನು ಗಾಜಿನ ವಾಲ್ವುಗಳು ಮಾಡುತ್ತಿದ್ದುವು. 1947ರ ಕೊನೆಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬವರು ಟ್ರಾನ್ಸಿಸ್ಟರನ್ನು ಕಂಡುಹಿಡಿದರು. ಅವರಿಗೂ ಅವರ ಸಹೋದ್ಯೋಗಿ ಶಾಕ್ಲಿಗೂ 1956ರ ನೊಬೆಲ್ ಬಹುಮಾನವು ಬಂತು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಲು ತೊಡಗಿತು. ಹೆಬ್ಬೆರಳ ಗಾತ್ರದ ವಾಲ್ವು ಮಾಡುತ್ತಿದ್ದುದನ್ನು ಈಗ ಬೇಳೆಯಷ್ಟು ದೊಡ್ಡ ವಸ್ತುವು ಮಾಡುವುದು. ಬೆಲೆ ಒಂದೆರಡು ರೂಪಾಯಿ.

ಶ್ರುತಿಯ ವಿಷಯವೂ ಹಾಗೆಯೇ. ತಂಬೂರಿಯನ್ನು ಮೀಟಲು ಒಬ್ಬರು ಬೇಕು, ತಿದಿಯ ಶ್ರುತಿಪೆಟ್ಟಿಗೆಗೆ ಒಂದು ಕೈ ಬೇಕು. ಬೆಂಗಳೂರಿನ ಕೊಳಲು ವಾದಕರೂ ಇಂಜಿನಿಯರರೂ ಆದ ಜಿ. ರಾಜನಾರಾಯಣ ಎಂಬವರು 1979ರಲ್ಲಿ ವಿದ್ಯುತ್ತಿನಿಂದ ನುಡಿಯುವ ಶ್ರುತಿಯಂತ್ರವನ್ನು ರೂಪಿಸಿದರು. ಇಂದು ನಮ್ಮ ಜಿಲ್ಲೆಯ ಯಕ್ಷಗಾನದ ಭಾಗವತರ ಪಕ್ಕದಲ್ಲಿಯೂ ಭಜನಾಮಂದಿರಗಳಲ್ಲಿಯೂ ಅಂಥದೊಂದು ಪೆಟ್ಟಿಗೆಯು ಕುಳಿತಿರುವುದನ್ನು ಎಲ್ಲರೂ ಕಂಡಿರುವರು.

ಮೊದಲ ಭಾನುವಾರದ ಪಾಠವು ಪ್ರಶ್ನೆಯಿಂದ ಆರಂಭವಾಯಿತು. "ಆಟದಲ್ಲಿ ಮೈಕು ಕೂಗುವುದನ್ನು ಕೇಳಿದ್ದೀರಲ್ಲ ಮಾಷ್ಟ್ರೇ?" ಯಾರು ಕೇಳಿಲ್ಲ! ಭಾಗವತರು ಬಾಯಿ ತೆರೆಯುವ ಮೊದಲೇ ಮೈಕು ‘ಕುಂಯ್’ ಎಂದು ಕಿವಿಯನ್ನು ಇರಿಯುವುದು. "ಅದೇ ಆಸಿಲೇಟರು. ಸ್ಪೀಕರಿನ ಶಬ್ದ ತಿರುಗಿ ಮೈಕಿಗೆ ಬರುತ್ತದೆ. ಮೈಕಿನದು ದೊಡ್ಡದಾಗಿ ಪುನಃ ಸ್ಪೀಕರಿಗೆ ಹೋಗುತ್ತದೆ. ಸುತ್ತು ನಿಲ್ಲುವುದಿಲ್ಲ. ಅಲ್ಲಿ ಅದು ರೋಗ. ನಾವು ಅದನ್ನೇ ಹದ ಮಾಡಿ ಕೆಲಸಕ್ಕೆ ಹಚ್ಚುವುದು."

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇಷ್ಟು ತಿಳಿಯಾದ ಲಕ್ಷಣವಾಕ್ಯಗಳು ಅಪರೂಪ. ಅದರ ನಿಯಮಗಳು ಎರಡೇ. ತಿರುಗಿ ಬಂದ ಅಲೆಯು ಹೊರಟ ಅಲೆಯೊಡನೆ ಹೆಜ್ಜೆಗೂಡಿಕೊಂಡು ಬರಬೇಕು. ದಾರಿಯಲ್ಲಿ ಎಷ್ಟು ಸವೆದಿದೆಯೋ ಅಷ್ಟನ್ನಾದರೂ ವರ್ಧಕವು ತುಂಬಿಕೊಡಬೇಕು. 1921ರಲ್ಲಿ ಇವನ್ನು ಹೀಗೆ ಕಟ್ಟಿಕೊಟ್ಟವನು ಜರ್ಮನಿಯ ಬಾರ್ಕ್‌ಹೌಸನ್ ಎಂಬ ಪಂಡಿತನು. ತೊಟ್ಟಿಲು ತೂಗಿದ ತಾಯಂದಿರಿಗೆ ಇವೆರಡೂ ಹೊಸತಲ್ಲ. ತೊಟ್ಟಿಲು ನಮ್ಮಿಂದ ದೂರ ಸರಿಯುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಬೆರಳ ತುದಿಯೇ ಸಾಕು. ಎದುರು ಬರುವಾಗ ಕೈಯೊಡ್ಡಿದರೆ ಅದು ನಿಲ್ಲುವುದು. ಮೊದಲ ನೂಕು ಎಲ್ಲಿಂದ ಬರುವುದೆಂದು ಕೇಳಿದೆವು. ಯಾರೂ ನೂಕಬೇಕಾದುದಿಲ್ಲವಂತೆ. ವಸ್ತುವಿನ ಒಳಗೆ ಶಾಖದಿಂದಲೇ ಉಂಟಾಗುವ, ಮೀಟರಿಗೂ ಸಿಗದಷ್ಟು ಸಣ್ಣ ಕಲಕಾಟವೊಂದು ಸದಾ ಇರುವುದು. ಹೆಜ್ಜೆ ಕೂಡಿದರೆ ಅದೇ ಬೆಳೆದು ನಾದವಾಗುವುದು. ಹೆಜ್ಜೆ ಎದುರಾದರೆ, ಎಷ್ಟೇ ಇರಲಿ, ಆರಿಹೋಗುವುದು.

ಎರಡನೆಯ ಪಾಠವು ಲಿಪಿಯದು. ಇಲ್ಲಿ ನಮಗೆ ಸ್ವಲ್ಪ ಧೈರ್ಯ ಬಂತು. ರೆಸಿಸ್ಟರಿನ ಗುರುತು ಅಂಕುಡೊಂಕಾದ ಗೆರೆ. ನಮ್ಮ ಚಿತ್ರಕಾವ್ಯಗಳ ಗೋಮೂತ್ರಿಕಾಬಂಧವೇ ಸರಿ. ಕೆಪಾಸಿಟರಿನದು ನಡುವೆ ಅಂತರ ಬಿಟ್ಟು ನಿಂತ ಎರಡು ಗೆರೆಗಳು; ಶ್ಲೋಕದ ಕೊನೆಗೆ ಬರೆಯುವ ಜೋಡಿ ದಂಡ. ಟ್ರಾನ್ಸಿಸ್ಟರಿಗೆ ಬೇಸು, ಕಲೆಕ್ಟರು, ಎಮಿಟರು ಎಂದು ಮೂರು ಕಾಲುಗಳು. ಎಮಿಟರಿನ ಮೇಲೆ ಒಂದು ಬಾಣ. ಬಾಣವು ಹೊರಮುಖವಾಗಿದ್ದರೆ ಎನ್‌ಪಿಎನ್ ಜಾತಿ, ಒಳಮುಖವಾಗಿದ್ದರೆ ಪಿಎನ್‌ಪಿ ಜಾತಿ. ಬೇಸಿಗೆ ಕೊಟ್ಟ ಅಲ್ಪ ಪ್ರವಾಹವು ಕಲೆಕ್ಟರಿನ ದೊಡ್ಡ ಪ್ರವಾಹವನ್ನು ಆಳುವುದು. ಇವಕ್ಕೆಲ್ಲ ನಾವು ನಿರೋಧಕ, ಧಾರಕ, ಸಂಗ್ರಾಹಕ ಎಂದು ಸಂಸ್ಕೃತದ ಹೆಸರುಗಳನ್ನು ಪಟ್ಟಿಮಾಡಿಕೊಂಡು ಹೋದೆವು. ಅವನು ಪಟ್ಟಿಯನ್ನು ಗೌರವದಿಂದ ಓದಿ, "ಹೆಸರು ಚೆಂದ ಉಂಟು. ಆದರೆ ಹಂಪನಕಟ್ಟೆಯಲ್ಲಿ ಹೋಗಿ ಧಾರಕ ಕೊಡಿ ಎಂದರೆ ಬರಿಗೈಯಲ್ಲಿ ಬರಬೇಕಾದೀತು" ಎಂದನು. ಅಂದಿನಿಂದ ನಾವೂ ರೆಸಿಸ್ಟರು, ಕೆಪಾಸಿಟರು ಎಂದೇ ಹೇಳುವೆವು.

ಕಷ್ಟವಾದುದು ಅಕ್ಷರಗಳಲ್ಲ, ವಾಕ್ಯ. ಅಂಗಡಿಯಲ್ಲಿ ಕಟ್ಟಿಟ್ಟಿದ್ದ ಒಂದು ಮಂಡಲವನ್ನು ನೋಡಿ ಚಿತ್ರ ಬರೆದುಕೊಂಡು ಬರಲು ಹೇಳಿದ್ದನು. ನಾವು ಹಲಗೆಯ ಮೇಲೆ ಯಾವ ತಂತಿಯು ಎಲ್ಲಿ ಹೇಗೆ ಬಾಗಿದೆಯೋ ಹಾಗೆಯೇ ಒಂದು ಕೂದಲೂ ತಪ್ಪದಂತೆ ಬರೆದೆವು. ಅವನು ನೋಡಿ, "ಇದು ಫೋಟೋ ಮಾಷ್ಟ್ರೇ, ಚಿತ್ರವಲ್ಲ. ಇದರಲ್ಲಿ ಏನು ನಡೆಯುತ್ತದೆ ಎಂದು ಗೊತ್ತಾಗುವುದಿಲ್ಲ" ಎಂದನು. ಬಳಿಕ ಕ್ರಮವನ್ನು ಹೇಳಿದನು. ಬ್ಯಾಟರಿಯ ಧನ ಗೆರೆಯು ಮೇಲೆ, ಋಣ ಗೆರೆಯು ಕೆಳಗೆ. ಪ್ರವಾಹವು ಮೇಲಿನಿಂದ ಕೆಳಕ್ಕೆ ಮಳೆಯ ನೀರಿನಂತೆ ಇಳಿಯಬೇಕು. ಸಂಜ್ಞೆಯು ಎಡದಿಂದ ಬಲಕ್ಕೆ ನಾವು ಓದುವ ದಿಕ್ಕಿನಲ್ಲಿ ಸಾಗಬೇಕು. ಬಲದಿಂದ ಎಡಕ್ಕೆ ತಿರುಗಿ ಬರುವ ಗೆರೆಯೊಂದಿದ್ದರೆ ಅದು ಮರುಪೂರಣದ ದಾರಿ. ಆಂದೋಲಕದಲ್ಲಿ ಅದೇ ಮುಖ್ಯವಾದುದರಿಂದ ಅದನ್ನು ಪ್ರತ್ಯೇಕವಾಗಿ, ಎದ್ದು ಕಾಣುವಂತೆ ಬರೆಯಬೇಕು. ಪ್ರತಿಯೊಂದು ಅಂಗದ ಪಕ್ಕದಲ್ಲಿಯೂ ಅದರ ಬೆಲೆಯನ್ನು ನಮೂದಿಸಬೇಕು.

ಹೀಗೆ ಕೇಳುತ್ತಿರಲು ನಮಗೆ ಥಟ್ಟನೆ ಹೊಳೆಯಿತು. ಇದು ಅನ್ವಯ! ಶ್ಲೋಕದಲ್ಲಿ ಕರ್ತೃಪದವು ಕೊನೆಯ ಪಾದದಲ್ಲಿರಬಹುದು, ಕ್ರಿಯಾಪದವು ಮೊದಲಲ್ಲಿರಬಹುದು. ಛಂದಸ್ಸು ಬೇಡಿದಂತೆ ಪದಗಳು ಎಲ್ಲಿಯೋ ಕುಳಿತಿರುವುವು. ಅನ್ವಯಿಸಿದಾಗ ಅರ್ಥವು ಎದ್ದು ನಿಲ್ಲುವುದು. ಹಲಗೆಯ ಮೇಲಿನ ತಂತಿಗಳು ಶ್ಲೋಕ. ಕಾಗದದ ಮೇಲಿನ ಚಿತ್ರವು ಅನ್ವಯ. ಅನ್ವಯ ಮಾಡದೆ ಶ್ಲೋಕವನ್ನು ಒಪ್ಪಿಸುವ ಹುಡುಗನಿಗೆ ನಾವು ಎಂದೂ ಪೂರ್ಣಾಂಕ ಕೊಟ್ಟುದಿಲ್ಲ. ಈಗ ನಾವೇ ಅಂಥ ಹುಡುಗನಾಗಿದ್ದೆವು.

ಮೂರನೆಯ ವಾರ ನಾವೇ ಲೆಕ್ಕ ಹಾಕಿ, ನಾವೇ ಚಿತ್ರ ಬರೆದು, ನಾವೇ ಕಟ್ಟಿಕೊಂಡು ಬರಬೇಕೆಂದು ಅಪ್ಪಣೆಯಾಯಿತು. ಎರಡು ಟ್ರಾನ್ಸಿಸ್ಟರು, ಎರಡು ಸಣ್ಣ ಎಲ್‌ಇಡಿ ದೀಪ. ಒಂದು ಹೊತ್ತಿದಾಗ ಇನ್ನೊಂದು ಆರಬೇಕು, ಹಾಗೆಯೇ ಸರದಿಯಂತೆ. 1919ರಲ್ಲಿ ಫ್ರಾನ್ಸಿನ ಅಬ್ರಹಾಂ ಮತ್ತು ಬ್ಲಾಕ್ ಎಂಬವರು ವಾಲ್ವುಗಳಿಂದ ಮೊದಲು ಪ್ರಕಟಿಸಿದ ಮಂಡಲದ ಮೊಮ್ಮಗನಿದು. ಒಂದು ಟ್ರಾನ್ಸಿಸ್ಟರಿನ ಕಲೆಕ್ಟರಿನಿಂದ ಒಂದು ಕೆಪಾಸಿಟರು ಇನ್ನೊಂದರ ಬೇಸಿಗೆ ಹೋಗುವುದು. ಅದರ ಕಲೆಕ್ಟರಿನಿಂದ ಇನ್ನೊಂದು ಇದರ ಬೇಸಿಗೆ ಬರುವುದು. ಒಬ್ಬನು ಎದ್ದಾಗ ಇನ್ನೊಬ್ಬನನ್ನು ಕೂರಿಸುವನು. ಕುಳಿತವನ ಬೇಸಿನ ಕೆಪಾಸಿಟರು ಮೆಲ್ಲನೆ ತುಂಬುತ್ತ ಬಂದು ಸುಮಾರು 0.65 ವೋಲ್ಟನ್ನು ಮುಟ್ಟಿದಾಗ ಅವನು ಎದ್ದು ಮೊದಲಿನವನನ್ನು ಕೂರಿಸುವನು. ಒಬ್ಬನು ಕುಳಿತಿರುವ ಕಾಲವು ಬೇಸಿನ ರೆಸಿಸ್ಟರು, ಕೆಪಾಸಿಟರು, 0.69 ಈ ಮೂರರ ಗುಣಾಕಾರ.

ನಾವು 47 ಸಾವಿರ ಓಮಿನ ರೆಸಿಸ್ಟರನ್ನೂ 10 ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ಆರಿಸಿದೆವು. ಗುಣಿಸಿದರೆ 0.32 ಸೆಕೆಂಡು, ಎಂದರೆ ಒಂದೊಂದು ದೀಪವು ನಿಮಿಷಕ್ಕೆ 92 ಬಾರಿ ಮಿನುಗಬೇಕು. ದೀಪದೊಡನೆ 470 ಓಮು; ಟ್ರಾನ್ಸಿಸ್ಟರು ಬಿ.ಸಿ. 547, ಬ್ಯಾಟರಿಯು ಗಡಿಯಾರಕ್ಕೆ ಹಾಕುವಂಥ ಮೂರು ಸೆಲ್ಲುಗಳು, ಒಟ್ಟು 4.5 ವೋಲ್ಟು. ಕೈಗೆ ಸಿಕ್ಕಿದ 9 ವೋಲ್ಟಿನದನ್ನು ಹಾಕಬಾರದೆಂದು ಗುರುವಿನ ಎಚ್ಚರಿಕೆಯಿತ್ತು. ಕುಳಿತಿರುವ ಟ್ರಾನ್ಸಿಸ್ಟರಿನ ಬೇಸು ಪ್ರತಿ ಸುತ್ತಿನಲ್ಲಿಯೂ ಋಣಪಕ್ಷಕ್ಕೆ ಇಳಿಯುವುದು. ಅಂಥ ಎದುರೊತ್ತಡವನ್ನು ಈ ಜಾತಿಯು 6 ವೋಲ್ಟಿಗಿಂತ ಹೆಚ್ಚು ತಾಳದು. ಮನೆಯವರು ಭಯಪಡಬೇಕಾದುದಿಲ್ಲ, ಗೋಡೆಯ ಕರೆಂಟನ್ನು ನಾವು ಮುಟ್ಟಲೇ ಇಲ್ಲ.

ಚಿತ್ರವನ್ನು ಬಹಳ ಶ್ರದ್ಧೆಯಿಂದ ಬರೆದೆವು. ಎಡಬಲಗಳು ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಸರಿಹೊಂದಿದುವು. ಎರಡು ಬೇಸುಗಳಿಗೆ ಹೋಗುವ ಗೆರೆಗಳು ನಟ್ಟನಡುವೆ ಓರೆಯಾಗಿ ಒಂದನ್ನೊಂದು ದಾಟಿದುವು. ಮನೆಯ ಮುಂದಿನ ರಂಗೋಲಿಯಲ್ಲಿ ಗೆರೆಗಳು ಕೂಡುವಲ್ಲಿ ಒಂದು ಚುಕ್ಕಿ ಇದ್ದರೆ ಎಷ್ಟು ಶೋಭೆ! ನಾವೂ ಆ ನಡುವಿನಲ್ಲಿ ದುಂಡನೆಯ ಒಂದು ಬಿಂದುವನ್ನಿಟ್ಟೆವು. ಚಿತ್ರದಲ್ಲಿದ್ದಂತೆಯೇ ತಂತಿಗಳನ್ನು ಸೇರಿಸಿ ಸೆಲ್ಲುಗಳನ್ನು ಜೋಡಿಸಿದೆವು. ಎರಡು ದೀಪಗಳೂ ಒಟ್ಟಿಗೆ ಹೊತ್ತಿಕೊಂಡುವು. ಹೊತ್ತಿದವು ಹಾಗೆಯೇ ಉಳಿದುವು. ಎರಡು ದಿನ ತಡಕಾಡಿದೆವು. ಟ್ರಾನ್ಸಿಸ್ಟರು ಬದಲಾಯಿಸಿದೆವು, ಸೆಲ್ಲು ಬದಲಾಯಿಸಿದೆವು. "ನಂದಾದೀಪ ಮಾಡಿದ್ದೀರಾ?" ಎಂದು ಧರ್ಮಪತ್ನಿಯು ಕೇಳಿದಳು.

ಭಾನುವಾರ ಕಾಗದವನ್ನೂ ಹಲಗೆಯನ್ನೂ ಅಂಗಡಿಗೆ ಕೊಂಡುಹೋದೆವು. ಅವನು ಹಲಗೆಯನ್ನು ನೋಡಲೇ ಇಲ್ಲ. ಕಾಗದವನ್ನು ಒಂದು ಗಳಿಗೆ ನೋಡಿ ಬೆರಳಿಟ್ಟನು.

"ಈ ಬಿಂದು ಯಾಕೆ ಹಾಕಿದ್ದು ಮಾಷ್ಟ್ರೇ?"

"ಚೆಂದಕ್ಕೆ" ಎಂದೆವು.

"ಚೆಂದಕ್ಕೆ ಹಾಕಿದ ಬಿಂದು ಎರಡು ಬೇಸನ್ನೂ ಒಟ್ಟಿಗೆ ಕಟ್ಟಿಹಾಕಿತು. ಬಿಂದು ಇದ್ದರೆ ತಂತಿ ಕೂಡಿದೆ ಎಂದರ್ಥ. ಇಲ್ಲದಿದ್ದರೆ ಬರೇ ದಾಟಿ ಹೋಗಿದೆ ಎಂದರ್ಥ."

ಬಿಂದುವಿದ್ದರೆ ಸಂಧಿ, ಇಲ್ಲದಿದ್ದರೆ ಪದಚ್ಛೇದ! ಒಂದು ಸೊನ್ನೆಯನ್ನು ಹೆಚ್ಚಾಗಿ ಇಟ್ಟರೆ ‘ಕಬಳ’ವು ‘ಕಂಬಳ’ವಾಗುವುದೆಂದೂ, ಬಾಯಿಗಿಡುವ ತುತ್ತಿನಲ್ಲಿ ಕೋಣಗಳು ಓಡಲಾರಂಭಿಸುವುವೆಂದೂ ಹೇಳಿ ಎಷ್ಟು ಮಕ್ಕಳನ್ನು ನಾವು ನಗಿಸಿದ್ದೆವು! ಈಗ ನಗುವ ಸರದಿಯು ಅವನದು. ಆದರೆ ಅವನು ನಗಲಿಲ್ಲ. ಕಾಗದವನ್ನು ಮಗುಚಿ, ಅಳತೆಗೋಲಿಲ್ಲದೆ, ಪೆನ್ಸಿಲನ್ನು ಎತ್ತದೆ, ಅದೇ ಮಂಡಲವನ್ನು ಸರಿಯಾಗಿ ಬರೆಯತೊಡಗಿದನು. ಆ ಗೆರೆಗಳು ಮೂಡುತ್ತ ಬಂದಂತೆ ನಮಗೆ ಅವುಗಳ ಗುರುತು ಸಿಕ್ಕಿತು. ಆ ಕೈಯ ಆ ಗೆರೆಗಳನ್ನು ನಾವು ಹಿಂದೆ ಒಮ್ಮೆ ಕಂಡಿದ್ದೆವು.

ಸುಮಾರು ಮೂವತ್ತು ವರ್ಷಗಳ ಕೆಳಗಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಶಬ್ದರೂಪಗಳ ಪುಸ್ತಕವನ್ನು ತಿದ್ದುತ್ತಿದ್ದೆವು. ಒಬ್ಬ ಹುಡುಗನ ಪುಸ್ತಕದಲ್ಲಿ ವಿಭಕ್ತಿಗಳು ಅರ್ಧಕ್ಕೆ ನಿಂತಿದ್ದುವು. ಎದುರಿನ ಹಾಳೆಯ ತುಂಬ ಅಂಕುಡೊಂಕಿನ ಗೆರೆಗಳೂ ಜೋಡಿ ದಂಡಗಳೂ. ಆ ಹಾಳೆಯನ್ನು ಎತ್ತಿ ಇಡೀ ತರಗತಿಗೆ ತೋರಿಸಿ, "ಇದು ಯಾವ ಭಾಷೆಯ ವ್ಯಾಕರಣವೋ!" ಎಂದು ಹಾಸ್ಯಮಾಡಿದೆವು. ಮಕ್ಕಳು ನಕ್ಕರು. ಹಾಳೆಯನ್ನು ಹರಿದೆವು. ಅಷ್ಟಕ್ಕೆ ನಿಲ್ಲಿಸದೆ ಅವನ ತಂದೆಯನ್ನು ಕರೆಸಿದೆವು. ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಸಾಧು ಮನುಷ್ಯನು, ಕೈಮುಗಿದುಕೊಂಡೇ ನಿಂತಿದ್ದನು. "ಇವನ ತಲೆಗೆ ಓದು ಹತ್ತದು. ಕೈಕೆಲಸಕ್ಕೆ ಏನಾದರೂ ಹಾಕಿರಿ" ಎಂದು ಹುಡುಗನ ಎದುರಿಗೇ ಹೇಳಿದೆವು. ಮುಂದಿನ ವರ್ಷ ಹುಡುಗನು ಶಾಲೆಗೆ ಬರಲಿಲ್ಲ. ಏಕೆ ಬರಲಿಲ್ಲವೆಂದು ನಾವು ವಿಚಾರಿಸಲೂ ಇಲ್ಲ.

"ಅಂದು ನಿನ್ನ ಪುಸ್ತಕದಲ್ಲಿ ಬರೆದುದೇನು?" ಎಂದು ಕೇಳಿದೆವು. ನಮ್ಮ ಧ್ವನಿಯು ನಮಗೇ ಬೇರೆಯಾಗಿ ಕೇಳಿಸಿತು.

ಅವನು ತಲೆಯೆತ್ತಲಿಲ್ಲ. "ಇದನ್ನೇ ಮಾಷ್ಟ್ರೇ. ಎರಡು ದೀಪದ್ದು."

"ಕಟ್ಟಿದ ಮೇಲೆ ಮಿನುಗಿತೆ?"

"ಕಟ್ಟಲಿಕ್ಕಾಗಲಿಲ್ಲ. ಲೆಕ್ಕ ಆ ಹಾಳೆಯಲ್ಲೇ ಇತ್ತಲ್ಲ."

ಹೊರಗೆ ಮಳೆ ಬರುತ್ತಿತ್ತು. ಕುಲಶೇಖರದ ಇಗರ್ಜಿಯ ಗಂಟೆಯು ಕೇಳಿಸಿತು. ತಪ್ಪಾಯಿತೆಂದು ಹೇಳಿದೆವು, ಇನ್ನೇನು ಹೇಳಬೇಕೆಂದು ತೋಚಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಪಾಲಿಟೆಕ್ನಿಕ್ಕಿಗೆ ಹೋಗಬೇಕೆಂದು ಆಸೆ ಇತ್ತು. ಅಪ್ಪನಿಗೆ ನಿಮ್ಮ ಮಾತೆಂದರೆ ದೇವರ ಮಾತು. ರೇಡಿಯೋ ಅಂಗಡಿಗೆ ಸೇರಿಸಿದರು. ಕೆಲಸವೇನೋ ಕಲಿತೆ, ಹೊಟ್ಟೆಗೆ ತೊಂದರೆ ಆಗಲಿಲ್ಲ. ಆದರೆ ಆ ಮಾತು ಈಗಲೂ ಒಮ್ಮೊಮ್ಮೆ ಕೇಳುತ್ತದೆ. ದೂರಿದ್ದಲ್ಲ, ನೀವು ಕೇಳಿದಿರಿ, ಹೇಳಿದೆ." ಬಳಿಕ ರಬ್ಬರನ್ನು ನಮ್ಮ ಕಡೆಗೆ ಸರಿಸಿ, "ಮೊದಲು ಆ ಬಿಂದು ಒರೆಸಿ" ಎಂದನು.

ಒರೆಸಿದೆವು. ತಂತಿಯನ್ನು ಬಿಡಿಸಿದೆವು. ಎಡದ ದೀಪವು ಹೊತ್ತಿತು, ಆರಿತು. ಬಲದ್ದು ಹೊತ್ತಿತು, ಆರಿತು. ಗಡಿಯಾರವನ್ನು ಹಿಡಿದು ಎಣಿಸಿದಾಗ ನಿಮಿಷಕ್ಕೆ 92ರ ಬದಲು 112 ಬಂತು. ದೀಪವೇ ತನ್ನ ಪಾಲಿಗೆ ಸುಮಾರು 2 ವೋಲ್ಟನ್ನು ಉಳಿಸಿಕೊಳ್ಳುವುದರಿಂದ ಬೇಸು ಅಷ್ಟು ಆಳಕ್ಕೆ ಇಳಿಯದೆ ಬೇಗನೆ ಮೇಲೇರುವುದೆಂದೂ, ಇಂಥ ಕೆಪಾಸಿಟರುಗಳ ಬೆಲೆಯು ನೂರಕ್ಕೆ 20ರಷ್ಟು ಅತ್ತಿತ್ತ ಇರಬಹುದೆಂದೂ ಅವನು ವಿವರಿಸಿದನು. ನಾವು ಬರೆದುಕೊಂಡೆವು. ಕೈಯಲ್ಲಿ ಬರೆಯುತ್ತಿದ್ದರೂ ಮನಸ್ಸು ಬೇರೆಡೆಯಲ್ಲಿತ್ತು.

ಉಪಾಧ್ಯಾಯನ ಮಾತು ಶಾಲೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಅದು ಮನೆಗೆ ಹೋಗಿ, ತಂದೆಯ ಬಾಯಿಂದ ದೊಡ್ಡದಾಗಿ, ಮಗುವಿನ ಕಿವಿಗೆ ಮತ್ತೆ ಮತ್ತೆ ತಿರುಗಿ ಬರುವುದು. ಮಗುವಿನೊಳಗೆ ಏನೋ ಒಂದು ಸಣ್ಣ ಕಲಕಾಟವಿರುವುದು. ನಮ್ಮ ಪರೀಕ್ಷೆಗಳಿಗೆ ಅದು ಸಿಗಲಾರದು. ತಿರುಗಿ ಬಂದ ಮಾತು ಅದರೊಡನೆ ಹೆಜ್ಜೆ ಕೂಡಿದರೆ ಅದು ಬೆಳೆಯುವುದು, ಎದುರಾದರೆ ಆರುವುದು. ಇವನಲ್ಲಿ ಅದು ಆರಲಿಲ್ಲವೆಂಬುದು ಇವನ ಹೆಚ್ಚುಗಾರಿಕೆ, ನಮ್ಮ ಪುಣ್ಯವಲ್ಲ. ಮೂವತ್ತೈದು ವರ್ಷಗಳಲ್ಲಿ ಇನ್ನೆಷ್ಟು ಹಾಳೆಗಳನ್ನು ಹರಿದಿರುವೆವೋ, ಲೆಕ್ಕವಿಟ್ಟವರಿಲ್ಲ.

ಕೊನೆಯ ಪಾಠವು ಶ್ರುತಿಯದು. ಮಿನುಗುವ ದೀಪದ ಮಂಡಲವು ಮೂಲೆಗಳುಳ್ಳ ಅಲೆಯನ್ನು ಕೊಡುವುದು. ಅದು ಕಿವಿಗೆ ಒರಟು. ನುಣುಪಾದ ಅಲೆಗೆ ಬೇರೆ ಉಪಾಯವುಂಟು. ಒಂದೇ ಟ್ರಾನ್ಸಿಸ್ಟರು, ಅದು ಅಲೆಯನ್ನು ತಲೆಕೆಳಗು ಮಾಡಿ ಕೊಡುವುದು. ಹೀಗೆ ತಲೆಕೆಳಗಾದುದು ಹೆಜ್ಜೆ ಕೂಡುವುದೆಂತು? ಕೆಪಾಸಿಟರು ಮತ್ತು ರೆಸಿಸ್ಟರುಗಳ ಮೂರು ಮೆಟ್ಟಿಲುಗಳನ್ನು ಹತ್ತಿಸಿದರೆ, ಒಂದೊಂದು ಮೆಟ್ಟಿಲಿನಲ್ಲಿ ಸರಿಸುಮಾರು 60 ಅಂಶ ಸರಿದು, ಮೂರರಲ್ಲಿ 180 ಅಂಶವಾಗಿ, ಅಲೆಯು ನೆಟ್ಟಗಾಗಿ ಬೇಸಿಗೆ ಮರಳುವುದು. ಆದರೆ ಮೂರು ಮೆಟ್ಟಿಲನ್ನು ಹತ್ತುವಷ್ಟರಲ್ಲಿ ಅದು 29ರಲ್ಲಿ ಒಂದು ಪಾಲಾಗಿ ಸವೆಯುವುದು. ಆದಕಾರಣ ವರ್ಧಕವು ಕನಿಷ್ಠ 29 ಪಟ್ಟು ಹೆಚ್ಚಿಸಬೇಕು. ಹೀಗೆ ಸರಿಹೊಂದುವುದು ಒಂದೇ ಒಂದು ಕಂಪನಕ್ಕೆ: ಪೈಯ ಎರಡರಷ್ಟು, ರೆಸಿಸ್ಟರು, ಕೆಪಾಸಿಟರು, 6ರ ವರ್ಗಮೂಲ, ಇವನ್ನು ಗುಣಿಸಿ 1ನ್ನು ಅದರಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ.

ಧರ್ಮಪತ್ನಿಯ ಶ್ರುತಿಯು ಹಾರ್ಮೋನಿಯಮ್ಮಿನ ಬಿಳಿ ಐದು. ಸೆಕೆಂಡಿಗೆ 196 ಕಂಪನ. ರೆಸಿಸ್ಟರು 10 ಸಾವಿರ ಓಮೆಂದು ಹಿಡಿದು ಲೆಕ್ಕ ಹಾಕಿದಾಗ ಕೆಪಾಸಿಟರು 33 ನ್ಯಾನೋಫ್ಯಾರಡ್ ಎಂದು ಬಂತು. ಅಂಗಡಿಯಲ್ಲಿ ಸಿಗುವ ಬೆಲೆಯೇ ಅದು! ಪಂಚಮವು ಷಡ್ಜದ ಒಂದೂವರೆ ಪಟ್ಟು. ಆದುದರಿಂದ ಅದಕ್ಕೆ ಕೆಪಾಸಿಟರು 33ರ ಮೂರರಲ್ಲೆರಡು ಪಾಲು, 22. ಅದೂ ಅಂಗಡಿಯಲ್ಲಿ ಸಿಗುವುದು. ಈ ಯೋಗಾಯೋಗಕ್ಕೆ ಹಿಗ್ಗಿ, ಒಂದು ವಾರ ಕುಳಿತು ಚಿತ್ರ ಬರೆದೆವು. ಧನವು ಮೇಲೆ, ಋಣವು ಕೆಳಗೆ, ಟ್ರಾನ್ಸಿಸ್ಟರು ನಡುವೆ, ಕಲೆಕ್ಟರಿಗೆ 4.7 ಸಾವಿರ ಓಮು. ಮೂರು ಮೆಟ್ಟಿಲುಗಳು ಬಲದಿಂದ ಎಡಕ್ಕೆ, ಬೇಸಿಗೆ ಇಳಿಯುವ ದಾರಿಯಾಗಿ. ಕೂಡುವಲ್ಲಿ ಮಾತ್ರ ಬಿಂದು. ನಾಲ್ಕು ಗೆರೆ ಒಂದೇ ಕಡೆ ಕೂಡಬೇಕಾಗಿ ಬಂದಲ್ಲಿ ಅವನ್ನು ಸ್ವಲ್ಪ ಸರಿಸಿ ಎರಡು ಬಿಂದುಗಳಾಗಿ ಬಿಡಿಸಿದೆವು. ಆಗ ದಾಟಿದುದೋ ಕೂಡಿದುದೋ ಎಂಬ ಸಂಶಯಕ್ಕೆ ಎಡೆಯಿಲ್ಲ.

ಕಟ್ಟಿ, ಹಳೆಯ ಪೆಟ್ಟಿಗೆಯ ವರ್ಧಕಕ್ಕೆ ಸೇರಿಸಿದಾಗ ನಾದವು ಬಂತು! ನಾವು ಕುರ್ಚಿಯಿಂದ ಎದ್ದೇಬಿಟ್ಟೆವು. ಧರ್ಮಪತ್ನಿಯು ಸೌಟು ಹಿಡಿದುಕೊಂಡೇ ಬಂದು ಒಂದು ಕ್ಷಣ ಆಲಿಸಿ, "ಇದು ನನ್ನದಲ್ಲ. ಬಿಳಿ ನಾಲ್ಕರ ಹತ್ತಿರ ಉಂಟು" ಎಂದಳು. ಅಂಗಡಿಯ ಮೀಟರು ಅವಳ ಮಾತನ್ನೇ ಹೇಳಿತು: 172. ನಮ್ಮ ಸೂತ್ರದಲ್ಲಿ ಕಲೆಕ್ಟರಿನ ರೆಸಿಸ್ಟರಿಗೆ ಲೆಕ್ಕವೇ ಇರಲಿಲ್ಲ. ಅದೂ ಮೊದಲ ಮೆಟ್ಟಿಲಿನ ಮೇಲೆ ಹೊರೆಯಾಗಿ ಕಂಪನವನ್ನು ತಗ್ಗಿಸುವುದು. ಕೊನೆಯ ಮೆಟ್ಟಿಲಿನ ರೆಸಿಸ್ಟರಿನಲ್ಲಿ ಟ್ರಾನ್ಸಿಸ್ಟರಿನ ಒಳನಿರೋಧವೂ ಪಾಲುಗಾರನು. "ಪುಸ್ತಕದಲ್ಲಿ ಒಬ್ಬೊಬ್ಬರೇ ಇರುತ್ತಾರೆ ಮಾಷ್ಟ್ರೇ, ಹಲಗೆಯಲ್ಲಿ ಸಂಸಾರ" ಎಂದನು ಗುರು. 10 ಸಾವಿರದ ಬದಲು 8.2 ಸಾವಿರ ಓಮನ್ನು ಹಾಕಿದಾಗ 200ನ್ನು ಸ್ವಲ್ಪ ಮೀರಿತು. ಒಂದು ಮೆಟ್ಟಿಲಿಗೆ ತಿರುಗಿಸುವ ಸಣ್ಣ ಪ್ರಿಸೆಟ್ಟನ್ನು ಜೋಡಿಸಿ, ಧರ್ಮಪತ್ನಿಯು "ಹಾಂ, ಸಾಕು" ಎನ್ನುವವರೆಗೆ ಇಳಿಸಿದೆವು. ಪಂಚಮವನ್ನೂ ಹಾಗೆಯೇ ಹೊಂದಿಸಿದೆವು.

ಈ ಶ್ರುತಿಯಲ್ಲಿ ತಂಬೂರಿಯ ತುಂಬುತನವಿಲ್ಲ. ತಂಬೂರಿಯ ತಂತಿಯು ಒಂದು ಸ್ವರದೊಡನೆ ಅದರ ಅನುಸ್ವರಗಳ ಪರಿವಾರವನ್ನೇ ಕರೆತರುವುದು. ನಮ್ಮ ಅಲೆಯು ಒಬ್ಬಂಟಿ. "ಬೋಳು ಬೋಳಾಗಿದೆ; ಆದರೆ ಉಪ್ಪು ಉಂಟು" ಎಂದು ಧರ್ಮಪತ್ನಿಯ ತೀರ್ಪು. ಈಗ ದೀಪ ಹಚ್ಚಿದ ಮೇಲೆ ಅದನ್ನೇ ಹಾಕಿಕೊಂಡು ಹಾಡುವಳು.

ಮಂಡಲದ ಕೊನೆಯ ಚಿತ್ರವನ್ನು ಒಳ್ಳೆಯ ಕಾಗದದ ಮೇಲೆ ಮಸಿಯಲ್ಲಿ ಬರೆದಿಟ್ಟಿರುವೆವು. ಹಳೆಯ ತಾಡೆಯೋಲೆಗಳ ಕೊನೆಯಲ್ಲಿ ಲಿಪಿಕಾರನು ತಿಥಿವಾರಗಳನ್ನೂ ತನ್ನ ಗುರುವಿನ ಹೆಸರನ್ನೂ ಬರೆಯುವ ಪದ್ಧತಿಯಿದ್ದಿತು. ನಾವೂ ಬಲಗಡೆಯ ಕೆಳಮೂಲೆಯಲ್ಲಿ ಆ ದಿನದ ತಿಥಿಯನ್ನೂ, ‘ಇವರಿಂದ ಕಲಿತುದು’ ಎಂದು ಅವನ ಪೂರ್ಣ ಹೆಸರನ್ನೂ ಬರೆದು ಒಂದು ಪ್ರತಿಯನ್ನು ಅಂಗಡಿಗೆ ಕೊಂಡುಹೋದೆವು. ಅವನು ಮೊದಲು ಬಿಂದುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದನು. ಬಳಿಕ ಮೂಲೆಯನ್ನು ನೋಡಿದನು. ಏನೂ ಹೇಳಲಿಲ್ಲ. ಮೇಜಿನ ಖಾನೆಯನ್ನು ತೆಗೆದು, ಅದನ್ನು ಮಡಿಸದೆ ಒಳಗಿಟ್ಟು, "ಮುಂದಿನ ಭಾನುವಾರ ಬನ್ನಿ ಮಾಷ್ಟ್ರೇ, ಕೋಲ್ಪಿಟ್ಸ್ ಎಂದು ಒಂದು ಉಂಟು" ಎಂದನು.